ಸೈಮಿ ಕೊರ್ಪಿ ಹುಟ್ಟಿದ್ದಕ್ಕೆ ಸಾಕ್ಷಿ

1953ರ ಚಳಿಗಾಲದಲ್ಲಿ ಅಮೆರಿಕ ಸರ್ಕಾರ ಸೈಮಿ ಕೊರ್ಪಿಯನ್ನು ಫಿನ್‌ಲ್ಯಾಂಡಿಗೆ ವಾಪಸ್ ಕಳಿಸಲು ಹೊರಟಿತು. ಅವಳು ಫಿನ್‌ಲ್ಯಾಂಡನ್ನು ನೋಡಿರಲೇ ಇಲ್ಲ.

ನೋಟಿಸು ಹಿಡಿದು ಬಂದವರು ಇಬ್ಬರು. ಬೂಟಿನ ಹಿಮವನ್ನು ಬಾಗಿಲಲ್ಲೇ ಕೊಡವಿಕೊಳ್ಳುವಷ್ಟು ಸೌಜನ್ಯ ಇದ್ದವರು. ಸೈಮಿ ಆಗ ‘ವಸಾರಾ’ ಪತ್ರಿಕೆಯ ಕಚೇರಿಯಲ್ಲಿ ಪ್ರೂಫ್ ತಿದ್ದುತ್ತಿದ್ದಳು. ವಸಾರಾ ಎಂದರೆ ಫಿನ್ನರ ಮಾತಿನಲ್ಲಿ ಸುತ್ತಿಗೆ. ಮಿನೆಸೋಟದ ಉತ್ತರದ ಕಬ್ಬಿಣದ ಗಣಿಗಳಲ್ಲೂ ಮರ ಕಡಿಯುವ ಬಿಡಾರಗಳಲ್ಲೂ ದುಡಿಯುವ ಫಿನ್ನರಿಗಾಗಿ ಅವರದೇ ಭಾಷೆಯಲ್ಲಿ ಬರುತ್ತಿದ್ದ ಕಮ್ಯುನಿಸ್ಟ್ ಪತ್ರಿಕೆ ಅದು. ಸೈಮಿ ಕೈಯಲ್ಲಿದ್ದ ಸಾಲನ್ನು ತಿದ್ದಿ ಮುಗಿಸಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ನೋಟಿಸು ಓದಿದಳು. ಓದಿ ಸಂಪಾದಕ ಯಲ್ಮಾರಿಯ ಮೇಜಿನ ಮೇಲಿಟ್ಟಳು.

ಯಲ್ಮಾರಿಗೆ ಅರವತ್ತೆಂಟು ವರ್ಷ. ಮರದ ಕಾರ್ಖಾನೆಯಲ್ಲಿ ಎರಡು ಬೆರಳು ಕಳೆದುಕೊಂಡ ಮೇಲೆ ಪತ್ರಿಕೆಗೆ ಬಂದವನು. ಕನ್ನಡಕ ಹಣೆಗೇರಿಸಿ ಎರಡು ಸಲ ಓದಿದ.

“ಅಲ್ಲಮ್ಮಾ, ಹೋಗೇ ಇಲ್ಲದ ಊರಿಗೆ ವಾಪಸ್ ಹೋಗೋದು ಹೆಂಗೆ?” ಎಂದ. “ಇದನ್ನ ಬರೆದವನನ್ನ ಕರ್ಕೊಂಡು ಬಾ, ನಮ್ಮಲ್ಲೇ ಕೆಲಸ ಕೊಡೋಣ. ಇಂಥ ತಲೆಬರಹ ನನಗೆ ಜನ್ಮದಲ್ಲಿ ಹೊಳೆದಿಲ್ಲ.”

ಸೈಮಿ ನಗಲಿಲ್ಲ. ಅವಳಿಗೆ ಕಾನೂನು ಗೊತ್ತಿತ್ತು; ಅದರ ಬಗ್ಗೆ ಅವಳೇ ಬರೆದಿದ್ದಳು. ಕಮ್ಯುನಿಸ್ಟ್ ಪಾರ್ಟಿಯಲ್ಲಿ ಒಂದು ದಿನ ಇದ್ದವರಾದರೂ ಸರಿ, ಹೊರದೇಶದಲ್ಲಿ ಹುಟ್ಟಿದವರಾದರೆ ಹೊರಗೆ. ಇಲ್ಲೇ ಹುಟ್ಟಿದವರಾದರೆ, ಬೈಯಬಹುದು, ಕೆಲಸ ಕಿತ್ತುಕೊಳ್ಳಬಹುದು, ಬಾಗಿಲ ಮುಂದೆ ಕಾರು ನಿಲ್ಲಿಸಿ ಕಾಯಬಹುದು, ಆದರೆ ಕಳಿಸುವಂತಿಲ್ಲ. ಅವಳು ಏನು ಬರೆದಳು, ಯಾವ ಮುಷ್ಕರದಲ್ಲಿ ನಿಂತಳು ಎನ್ನುವುದೆಲ್ಲ ಇಲ್ಲಿ ಲೆಕ್ಕಕ್ಕೇ ಇಲ್ಲ. ಹುಟ್ಟಿದ್ದು ಎಲ್ಲಿ? ಪ್ರಶ್ನೆ ಅಷ್ಟೇ.

ಹುಟ್ಟಿದ್ದು ಕಿವಿಲಂಪಿಯಲ್ಲಿ, 1908ರ ಫೆಬ್ರವರಿಯಲ್ಲಿ. ಡುಲುತ್ ಬಂದರಿನಿಂದ ಉತ್ತರಕ್ಕೆ, ಕಾಡು ಕಡಿದು ಮಾಡಿದ ಹೊಲಗಳ ನಡುವೆ ಒಂದು ಕೆರೆ, ಕೆರೆಯ ಸುತ್ತ ಒಂಬತ್ತೋ ಹತ್ತೋ ಮರದ ಮನೆಗಳು. ಅವಳ ಅಪ್ಪ ಹೆರ್ಮನ್ನಿ ಕೊರ್ಪಿ ಗಣಿಯಲ್ಲಿ ಕೆಲಸ ಮಾಡುತ್ತಿದ್ದವನು. ಹಿಂದಿನ ವರ್ಷ ಮುಷ್ಕರ ಸೋತಾಗ ಕಂಪನಿಗಳು ಫಿನ್ನರನ್ನು ಗುರುತಿಟ್ಟುಕೊಂಡು ಹೊರಹಾಕಿದವು. ಹೆರ್ಮನ್ನಿ ಕೊಡಲಿ ಹೆಗಲಿಗೇರಿಸಿ ಹೆಂಡತಿ ಮಾತಿಲ್ಡಾಳನ್ನು ಕರೆದುಕೊಂಡು ಕಾಡಿಗೆ ಬಂದ. ದೇವರು, ಗಣಿ ಕಂಪನಿ ಎರಡನ್ನೂ ಅವನು ಒಂದೇ ದಿನ ಬಿಟ್ಟನೆಂದು ಊರವರು ಹೇಳುತ್ತಿದ್ದರು.

ಅಲ್ಲಿನ ಫಿನ್ನರಲ್ಲಿ ಎರಡು ಪಂಗಡ. ಚರ್ಚಿನವರು ಮತ್ತು ಕೆಂಪಿನವರು, ಅಂದರೆ ಸಮಾಜವಾದಿಗಳು. ಚರ್ಚಿನವರು ಭಾನುವಾರ ಕೀರ್ತನೆ ಹಾಡುತ್ತಿದ್ದರು. ಕೆಂಪಿನವರು ಅದೇ ಹೊತ್ತಿಗೆ ತಮ್ಮ ಸಭಾಗೃಹದಲ್ಲಿ ನಾಟಕದ ತಾಲೀಮು ಮಾಡುತ್ತಿದ್ದರು. ಸಕ್ಕರೆ ಕೊಳ್ಳುವ ಅಂಗಡಿ ಬೇರೆ, ಬ್ಯಾಂಡು ಬೇರೆ, ಸತ್ತರೆ ಹೂಳುವ ಜಾಗವೂ ಬೇರೆ. ಒಂದು ಮಗು ಯಾವ ಕಡೆಯದೆಂದು ತೀರ್ಮಾನವಾಗುತ್ತಿದ್ದದ್ದು ತಲೆಗೆ ನೀರು ಹಾಕಿ ಕ್ರೈಸ್ತರನ್ನಾಗಿಸುವ ದೀಕ್ಷಾಸ್ನಾನದಲ್ಲಿ. ಚರ್ಚಿನವರ ಮಕ್ಕಳ ಹುಟ್ಟು ಪಾದ್ರಿಯ ಬಳಿ ದಾಖಲಾಗುತ್ತಿತ್ತು. ಕೆಂಪಿನವರು ಪಾದ್ರಿಯನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ಕೌಂಟಿ ಕಚೇರಿ ಒಂದು ದಿನದ ದಾರಿ. ಹಿಮದಲ್ಲಿ ಅಲ್ಲಿಗೆ ಹೋಗಿ ಮಗು ಹುಟ್ಟಿತೆಂದು ಬರೆಸಿ ಬರುವ ಪುರುಸೊತ್ತು ಯಾರಿಗಿತ್ತು?

ಪಾದ್ರಿ ಮಾತ್ರ ಬಿಡುವ ಆಸಾಮಿಯಲ್ಲ. ಬೇಸಿಗೆ ಬಂತೆಂದರೆ ಕುದುರೆಗಾಡಿ ಕಟ್ಟಿಕೊಂಡು ಕೆಂಪು ಮನೆಗಳಿಗೆಲ್ಲ ಒಂದು ಸುತ್ತು ಹಾಕುತ್ತಿದ್ದ. ಸೈಮಿಗೆ ಒಂದು ವರ್ಷವಾದಾಗ ಕೊರ್ಪಿಯ ಅಂಗಳಕ್ಕೂ ಬಂದ. ಹೆರ್ಮನ್ನಿ ಹುಲ್ಲು ಕೊಯ್ಯುತ್ತಿದ್ದ. ಮಳೆ ಬರುವ ಹಾಗಿತ್ತು. ಪಾದ್ರಿಯ ಜೊತೆ ನರಕದ ಬಗ್ಗೆ ವಾದ ಮಾಡುತ್ತ ನಿಂತರೆ ಹುಲ್ಲು ನೆನೆಯುತ್ತದೆ. ಅವನು ಕುಡುಗೋಲು ನಿಲ್ಲಿಸದೆಯೇ ಹೇಳಿದ: “ಈ ಮಗೂದು ದೀಕ್ಷಾಸ್ನಾನ ಆಗಿದೆ ಪಾದ್ರಿಗಳೇ. ಊರಲ್ಲೇ, ವಾಸಾದಲ್ಲೇ, ಹಡಗು ಹತ್ತೋ ಮುಂಚೆನೇ ಆಗಿದೆ.”

ವಾಸಾ ಫಿನ್‌ಲ್ಯಾಂಡಿನ ಊರು. ಪಾದ್ರಿ ದೇವರಿಗೆ ಸ್ತೋತ್ರ ಹೇಳಿ ಗಾಡಿ ತಿರುಗಿಸಿದ. ಮತ್ತೆ ಆ ಅಂಗಳಕ್ಕೆ ಬರಲಿಲ್ಲ. ಹೆರ್ಮನ್ನಿ ಇದನ್ನು ಬದುಕಿರುವವರೆಗೂ ಹೇಳಿಕೊಂಡು ನಗುತ್ತಿದ್ದ. ಸೈಮಿಯೂ ಈ ಕಥೆ ಕೇಳಿಯೇ ಬೆಳೆದವಳು.

ಹೆರ್ಮನ್ನಿ ಹೇಳದೆ ಬಿಡುತ್ತಿದ್ದ ಭಾಗ ಒಂದಿತ್ತು. ಮರುವರ್ಷ ಜನಗಣತಿಯವನು ಬಂದ. ಅವನಿಗೆ ಫಿನ್ನಿಶ್ ಬಾರದು, ಕಿವಿಲಂಪಿಗೆ ಇಂಗ್ಲಿಷ್ ಬಾರದು. ದುಭಾಷಿಯಾಗಿ ಜೊತೆಗೆ ಬಂದವನು ಅದೇ ಪಾದ್ರಿ. ಕೊರ್ಪಿ ಮನೆಗೆ ಅಂಗಳದಾಚೆಯ ರಸ್ತೆಯಿಂದಲೇ ಕೈ ತೋರಿಸಿ, ಮಗು ಹುಟ್ಟಿದ್ದು ಫಿನ್‌ಲ್ಯಾಂಡಿನಲ್ಲಿ ಎಂದು ತಾನೇ ಬರೆಸಿದ. ಹೆರ್ಮನ್ನಿ ಬೇಲಿಯ ಬಳಿ ನಿಂತಿದ್ದ; ಹೌದಲ್ಲವೇ ಎಂದು ಪಾದ್ರಿ ಅವನನ್ನು ಫಿನ್ನಿಶ್ ಭಾಷೆಯಲ್ಲಿ ಕೇಳಿದ. ಅಲ್ಲ ಎಂದರೆ ಪಾದ್ರಿ ಮತ್ತೆ ಒಳಗೆ ಬರುತ್ತಾನೆ. ಹೌದೆಂದು ತಲೆಯಾಡಿಸಿದ. ಮುಂದೆ ಶಾಲೆಯವರೂ ಅದನ್ನೇ ಬರೆದುಕೊಂಡರು.

ಮಗಳು ಕೆಂಪು ಸಭಾಗೃಹದಲ್ಲೇ ಬೆಳೆದಳು. ಹದಿನಾರಕ್ಕೆ ಡುಲುತ್‌ನಲ್ಲಿ ಒಬ್ಬ ಹಡಗು ಮಾಲೀಕನ ಮನೆಗೆಲಸಕ್ಕೆ ಸೇರಿದಳು. ಅಲ್ಲಿಂದ ವಸಾರಾಕ್ಕೆ ಒಂದು ಓಲೆ ಬರೆದಳು: ಮನೆಗೆಲಸದವಳಿಗೆ ವಾರಕ್ಕೊಂದು ರಜೆ ಕೊಟ್ಟ ದಿನವೇ ಯಜಮಾನಿಗೆ ಹೇಗೆ ತಪ್ಪದೆ ತಲೆನೋವು ಬರುತ್ತದೆ ಎಂದು. ಅದನ್ನು ಓದಿ ನಕ್ಕ ಯಲ್ಮಾರಿ ಇನ್ನೊಂದು ಬರೆಯಲು ಹೇಳಿದ. ಎರಡು ವರ್ಷದಲ್ಲಿ ಅವಳು ಕಚೇರಿಯಲ್ಲೇ ಇದ್ದಳು.

ಅವಳ ಕೆಲಸದ ರೀತಿ ಒಂದಿತ್ತು. ಮರ ಕಡಿಯುವವರ ಬಿಡಾರಕ್ಕೆ ಹೋದರೆ ಯಾರನ್ನೂ ಕೂರಿಸಿ ಪ್ರಶ್ನೆ ಕೇಳುತ್ತಿರಲಿಲ್ಲ. ನೇರ ಅಡುಗೆಮನೆಗೆ ಹೋಗಿ, ತೋಳು ಮಡಚಿ, ಅಡುಗೆಯವಳ ಜೊತೆ ಪಾತ್ರೆ ತೊಳೆಯಲು ನಿಲ್ಲುತ್ತಿದ್ದಳು. ಪಾತ್ರೆ ಮುಗಿಯುವ ಹೊತ್ತಿಗೆ ಮಾಂಸಕ್ಕೆ ಯಾವಾಗ ಹುಳ ಬಿತ್ತು, ಹಾಸಿಗೆಯ ಹುಲ್ಲು ಯಾವಾಗ ಬದಲಾಯಿಸಿದ್ದು, ಮೇಸ್ತ್ರಿ ಯಾರ ಕೆನ್ನೆಗೆ ಹೊಡೆದ ಎಲ್ಲವೂ ತಿಳಿದಿರುತ್ತಿತ್ತು. 1937ರ ಮರ ಕಡಿಯುವವರ ಮುಷ್ಕರದಲ್ಲಿ ಅವಳ ವರದಿಗಳನ್ನು ಬಿಡಾರದ ಗೋಡೆಗೆ ಅಂಟಿಸುತ್ತಿದ್ದರು. ಚಳಿ ತಡೆಯುವುದಕ್ಕೂ ಒಳ್ಳೆಯದು ಎಂದು ಯಲ್ಮಾರಿ ಕಾಲೆಳೆಯುತ್ತಿದ್ದ.

ಅವಳ ತಮ್ಮ ಆರ್ವೋ 1932ರಲ್ಲಿ, ಇಲ್ಲಿನ ಸಾವಿರಾರು ಕೆಂಪು ಫಿನ್ನರ ಜೊತೆ, ಹೊಸ ಸಮಾಜ ಕಟ್ಟುತ್ತೇವೆಂದು ಫಿನ್ನರ ನಾಡಿನ ಗಡಿಯಾಚೆಯ ಸೋವಿಯತ್ ಕರೇಲಿಯಾಕ್ಕೆ ಹೋದ. 1938ರಲ್ಲಿ ಅಲ್ಲಿ ಬಂಧನಗಳು ನಡೆದ ನಂತರ ಅವನ ಸುದ್ದಿ ಬರಲಿಲ್ಲ. ಇದರ ಬಗ್ಗೆ ಸೈಮಿ ಒಂದು ಸಾಲನ್ನೂ ಬರೆಯಲಿಲ್ಲ. ಕೇಳಿದವರಿಗೆ “ದೂರ ಇದ್ದಾನೆ” ಎನ್ನುತ್ತಿದ್ದಳು.

ನೋಟಿಸು ಬಂದ ಮೇಲೆ ಮಿನಿಯಾಪೊಲಿಸ್‌ನಿಂದ ಕ್ಲೋಪರ್ ಎಂಬ ವಕೀಲ ಬಂದ. ಸಣ್ಣ ಮೈಯ, ಅವಸರದ ಮನುಷ್ಯ. ಅವನ ಕೈಯಲ್ಲಿ ಇಂಥ ಮೊಕದ್ದಮೆಗಳು ಹನ್ನೆರಡಿದ್ದವು. ಹಡಗಿನ ಪಟ್ಟಿಯಲ್ಲಿ ಮಗು ಇರಲಿಲ್ಲವೆಂದು ತೋರಿಸಬಹುದೇ ಎಂದು ಕೇಳಿದ. ಅದೂ ಇಲ್ಲ. ಅಪ್ಪ ಅಮ್ಮ ಇಬ್ಬರೂ ಕೆನಡಾದಲ್ಲಿ ಇಳಿದು, ಕಾಡಿನಲ್ಲಿ ನಡೆದು ಗಡಿ ದಾಟಿದವರು.

“ಸರಿ. ನೀವು ಹುಟ್ಟಿದಾಗ ಅಲ್ಲಿ ಯಾರಿದ್ರು?”

“ನಾನಿದ್ದೆ,” ಎಂದಳು ಸೈಮಿ.

“ತಮಾಷೆ ಸಾಕು.”

“ಅಮ್ಮ ಇದ್ದಳು, ತೀರಿಕೊಂಡಳು. ಅಪ್ಪ ಮರ ಕಡಿಯೋಕೆ ಹೋಗಿದ್ದ, ಅವನೂ ತೀರಿಕೊಂಡ. ಸೂಲಗಿತ್ತಿ ಇದ್ದಾಳೆ. ಸೆರಾಫೀನಾ ಲಾಹ್ತಿ.”

“ಬದುಕಿದ್ದಾಳಾ? ಹಾಗಾದ್ರೆ ಮುಗೀತಲ್ಲ!”

“ಆಕೆ ಚರ್ಚಿನವಳು. ಹದಿನಾಲ್ಕು ವರ್ಷದಿಂದ ನನ್ನ ಕಂಡ್ರೆ ರಸ್ತೆ ದಾಟಿ ಆ ಕಡೆ ಹೋಗ್ತಾಳೆ,” ಎಂದಳು ಸೈಮಿ.

ಸೆರಾಫೀನಾ ಕಿವಿಲಂಪಿ ಸುತ್ತಿನ ಮಕ್ಕಳನ್ನೆಲ್ಲ ಹೊರತಂದವಳು. ಚರ್ಚಿನ ಮಕ್ಕಳು, ಕೆಂಪು ಮಕ್ಕಳು ಎಂದು ಭೇದ ಮಾಡಿದವಳಲ್ಲ. ಸೈಮಿಗೂ ಆಕೆಗೂ ಜಗಳ ಬಿದ್ದದ್ದು 1940ರ ಜನವರಿಯಲ್ಲಿ. ಫಿನ್‌ಲ್ಯಾಂಡಿನ ಮೇಲೆ ಸೋವಿಯತ್ ಸೈನ್ಯ ನುಗ್ಗಿತ್ತು. ಚರ್ಚಿನ ಹೆಂಗಸರು ಅಲ್ಲಿನ ಸೈನಿಕರಿಗಾಗಿ ಉಣ್ಣೆಯ ಕಾಲುಚೀಲ ಹೆಣೆದು ಕಳಿಸುತ್ತಿದ್ದರು. ಸೈಮಿ ತನ್ನ ಅಂಕಣದಲ್ಲಿ ಆ ಕಾಲುಚೀಲಗಳನ್ನು ಗೇಲಿ ಮಾಡಿದಳು; ಬಂಡವಾಳಗಾರರ ಪಾದ ಬೆಚ್ಚಗಿಡಲು ದುಡಿಯುವವರ ಹೆಂಡಂದಿರು ಹೆಣೆಯುತ್ತಿದ್ದಾರೆ ಎಂದು. ಪತ್ರಿಕೆ ಮನೆಮನೆಗೆ ಮುಟ್ಟಿದ ವಾರವೇ ಅಲ್ಲೇ ಇದ್ದ ಸೆರಾಫೀನಾಳ ತಂಗಿಯ ಮಗ ಆ ಯುದ್ಧದಲ್ಲಿ ಸತ್ತ ಸುದ್ದಿ ಬಂತು. ಅವನಿಗೆ ಇಪ್ಪತ್ತು ವರ್ಷ.

ಕ್ಲೋಪರ್‌ಗೆ ಇದನ್ನೆಲ್ಲ ಹೇಳಿದಾಗ ಅವನು, “ಆದ್ರೂ ಹೋಗಿ,” ಎಂದ.

1954ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಸೈಮಿ ಕಿವಿಲಂಪಿಗೆ ಹೋದಳು. ಸೆರಾಫೀನಾ ಬಾಗಿಲು ತೆಗೆದು ನೋಡಿದಳು. ಎಪ್ಪತ್ತಾರು ವರ್ಷ, ನೆಟ್ಟಗಿನ ಬೆನ್ನು, ಬಿಳಿ ತಲೆಗೆ ಕಪ್ಪು ವಸ್ತ್ರ. ಒಳಗೆ ಹೋಗಿ ಒಲೆಯ ಮೇಲೆ ಕಾಫಿ ಇಟ್ಟಳು. ಕೊಂದವನೇ ಬಂದರೂ ಫಿನ್ನರ ಮನೆಯಲ್ಲಿ ಮೊದಲು ಕಾಫಿ, ಆಮೇಲೆ ಮಾತು. ಬಟ್ಟಲಿನ ಜೊತೆ ಏಲಕ್ಕಿ ಹಾಕಿದ ಬ್ರೆಡ್ಡು ಬಂತು. ಸೈಮಿ ಪದ್ಧತಿಯಂತೆ ಮೊದಲ ಸಲ ಬೇಡ ಎಂದಳು, ಎರಡನೇ ಸಲವೂ ಬೇಡ ಎಂದಳು. ಸೆರಾಫೀನಾ ಮೂರನೇ ಸಲ ಕೇಳುವಳೋ ಇಲ್ಲವೋ ಎಂದು ಅವಳಿಗೆ ಭಯವಾಯಿತು.

“ತಗೋ,” ಎಂದಳು ಸೆರಾಫೀನಾ ಕಡೆಗೆ.

ಇಬ್ಬರೂ ಸಕ್ಕರೆ ತುಂಡನ್ನು ಹಲ್ಲಲ್ಲಿ ಕಚ್ಚಿ, ಕಾಫಿಯನ್ನು ಅದರ ಮೇಲಿಂದ ಹೀರಿದರು.

“ನಿನ್ನ ವಿಷಯ ಕೇಳ್ದೆ. ಚರ್ಚಲ್ಲಿ ಮಾತಾಡ್ಕೊಂಡ್ರು,” ಎಂದಳು ಸೆರಾಫೀನಾ.

“ನೀವು ಬಂದು ಹೇಳ್ಬೇಕು, ದೊಡ್ಡಮ್ಮಾ. ನಾನು ಇಲ್ಲೇ ಹುಟ್ಟಿದ್ದು ಅಂತ. ಬೇರೆ ಯಾರೂ ಉಳಿದಿಲ್ಲ.”

“ವಾಸಾದಲ್ಲಿ ಹುಟ್ಟಿದ್ದು ಅಂತ ನಿಮ್ಮಪ್ಪನೇ ಪಾದ್ರಿ ಮುಂದೆ ಹೇಳಿದನಲ್ಲ. ಅವನ ಮಾತು ಸುಳ್ಳು ಅಂತ ನಾನು ಯಾಕೆ ಹೇಳ್ಲಿ?”

“ಅದು ಸುಳ್ಳು, ಅದಕ್ಕೇ.”

ಸೆರಾಫೀನಾ ಬಟ್ಟಲನ್ನು ತಟ್ಟೆಯ ಮೇಲಿಟ್ಟಳು. “ಕಾಲುಚೀಲದ್ದು ಕ್ಷಮೆ ಕೇಳೋಕೆ ಬಂದ್ಯಾ?”

ಸೈಮಿ ದಾರಿಯುದ್ದಕ್ಕೂ ಇದನ್ನೇ ಯೋಚಿಸಿಕೊಂಡು ಬಂದಿದ್ದಳು. ಒಂದು ಮಾತಿನಲ್ಲಿ ಕೆಲಸ ಆಗಿಬಿಡಬಹುದಿತ್ತು.

“ಹುಡುಗನ ಸುದ್ದಿ ಗೊತ್ತಿದ್ದಿದ್ರೆ ಆ ವಾರ ಬರೀತಿರಲಿಲ್ಲ,” ಎಂದಳು.

“ಮುಂದಿನ ವಾರ ನೀನು ಬರೀತಿದ್ದೆ,” ಎಂದಳು ಸೆರಾಫೀನಾ.

“ಹೌದು. ಬರೀತಿದ್ದೆ.”

ಮುದುಕಿ ಅವಳನ್ನೇ ನೋಡಿದಳು. ಆಮೇಲೆ ಎದ್ದು ಎರಡನೇ ಬಟ್ಟಲು ಕಾಫಿ ಸುರಿದಳು. “ಅಲ್ಲಿ ಬೈಬಲ್ ಮುಟ್ಟಿಸ್ತಾರಾ?”

“ಮುಟ್ಟಿಸ್ತಾರೆ.”

“ನೀನೂ ಮುಟ್ತೀಯಾ?”

“ನಾನು ಕೈ ಎತ್ತಿ ನಿಜ ಹೇಳ್ತೀನಿ ಅಂತೀನಿ. ಅದಕ್ಕೂ ಅವಕಾಶ ಇದೆ.”

“ನಿಮ್ಮಪ್ಪನ ಮಗಳೇ ಸರಿ,” ಎಂದಳು ಸೆರಾಫೀನಾ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ಬಾಗಿಲ ಬಳಿ ಮಾತ್ರ, “ನಾನೊಬ್ಬರಿಗೆ ಮಾತು ಕೊಟ್ಟಿದ್ದೀನಿ. ಸತ್ತವರಿಗೆ ಕೊಟ್ಟ ಮಾತು. ಯೋಚನೆ ಮಾಡ್ಬೇಕು,” ಎಂದಳು.

ಸತ್ತವರು ಯಾರು, ಏನು ಮಾತು, ಸೈಮಿಗೆ ತಿಳಿಯಲಿಲ್ಲ. ಬರಬಹುದೆಂದು ಅವಳು ಕ್ಲೋಪರ್‌ಗೆ ಹೇಳಿದಳು. ಸೆರಾಫೀನಾ ಬರುವುದಿಲ್ಲವೆಂದೇ ಮನಸ್ಸಿನಲ್ಲಿ ಹೇಳಿಕೊಂಡಳು.

ವಿಚಾರಣೆ ಏಪ್ರಿಲ್ ಕೊನೆಗೆ ಡುಲುತ್‌ನಲ್ಲಿ ನಡೆಯಿತು. ಎತ್ತರದ ಕಿಟಕಿಗಳ ಒಂದು ಕೋಣೆ. ಉದ್ದ ಮೇಜಿನ ತಲೆಯಲ್ಲಿ ವಿಚಾರಣಾಧಿಕಾರಿ, ಬೋಳು ತಲೆಯ, ನೆಗಡಿಯಾದ ಮನುಷ್ಯ. ಒಂದು ಪಕ್ಕ ಸರ್ಕಾರಿ ವಕೀಲ, ಇನ್ನೊಂದು ಪಕ್ಕ ಕ್ಲೋಪರ್ ಮತ್ತು ಸೈಮಿ. ಹಿಂದಿನ ಬೆಂಚಿನಲ್ಲಿ ಯಲ್ಮಾರಿ. ಸರ್ಕಾರಿ ವಕೀಲ ಜನಗಣತಿಯ ಹಾಳೆ ಇಟ್ಟ, ಶಾಲೆಯ ದಾಖಲೆ ಇಟ್ಟ, ಎರಡೂ ಒಂದೇ ಮಾತು ಹೇಳುತ್ತವೆ ಎಂದು ಕುಳಿತ. ಸೈಮಿ ಅಪ್ಪನ ಕಥೆ ಹೇಳಿದಳು. ಹುಲ್ಲು, ಮಳೆ, ಪಾದ್ರಿ. ಆ ಕೋಣೆಯಲ್ಲಿ ಅದು ಕಟ್ಟುಕಥೆಯ ಹಾಗೆಯೇ ಕೇಳಿಸಿತು. ಅವಳಿಗೇ ಹಾಗನ್ನಿಸಿತು.

“ನಿಮ್ಮ ತಂದೆ ಸುಳ್ಳುಗಾರ ಅನ್ನೋದು ನಿಮ್ಮ ವಾದ,” ಎಂದ ಸರ್ಕಾರಿ ವಕೀಲ.

“ಪಾದ್ರಿಗಳ ವಿಷಯದಲ್ಲಿ ಮಾತ್ರ,” ಎಂದಳು ಸೈಮಿ.

ಊಟದ ಬಿಡುವಿಗೆ ಏಳಬೇಕು, ಅಷ್ಟರಲ್ಲಿ ಬಾಗಿಲು ತೆರೆಯಿತು. ಸೆರಾಫೀನಾ ಬಂದಳು. ಭಾನುವಾರದ ಕಪ್ಪು ಕೋಟು, ಕೈಯಲ್ಲಿ ಕೀರ್ತನೆ ಪುಸ್ತಕ. ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು. ಸೈಮಿಯ ಕಡೆ ತಿರುಗಿಯೂ ನೋಡದೆ ಮೇಜಿನ ತುದಿಯ ಕುರ್ಚಿಯಲ್ಲಿ ಕುಳಿತು, ಬೈಬಲ್ ಮೇಲೆ ಅಂಗೈ ಪೂರ್ತಿ ಊರಿದಳು. ದುಭಾಷಿಯಾಗಿ ಒಬ್ಬ ಕಾಲೇಜಿನ ಮೇಷ್ಟ್ರು ಪಕ್ಕಕ್ಕೆ ಬಂದ.

ಕ್ಲೋಪರ್ ಕೇಳಿದ: “ಈ ಹೆಂಗಸು ಎಲ್ಲಿ ಹುಟ್ಟಿದ್ದು, ನಿಮಗೆ ಗೊತ್ತಾ?”

“ಗೊತ್ತು. ಹೆರ್ಮನ್ನಿ ಕೊರ್ಪಿಯ ಸೌನಾದಲ್ಲಿ.”

ಅಧಿಕಾರಿ ಕರವಸ್ತ್ರ ಮೂಗಿನಿಂದ ತೆಗೆದ. “ಅದು ಹಬೆಸ್ನಾನದ ಗುಡಿಸಲಲ್ಲವೇ? ಅಲ್ಲಿ ಹೆರಿಗೆಯೇ?”

ದುಭಾಷಿ ಕೇಳಿದಾಗ ಸೆರಾಫೀನಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಮತ್ತೆಲ್ಲಿ, ಅಡುಗೆಮನೇಲಾ? ಬೆಚ್ಚಗೆ ಇರೋದು ಅದೊಂದೇ. ಬಿಸಿನೀರು ಅಲ್ಲೇ ಇರುತ್ತೆ. ಹೊಗೆಗೆ ಹುಳಹುಪ್ಪಟೆ ಸತ್ತಿರುತ್ತೆ. ನಿಮ್ಮ ಆಸ್ಪತ್ರೆಗಿಂತ ಚೊಕ್ಕ ಅಂತ ಹೇಳು ಆ ಸಾಹೇಬರಿಗೆ.”

ಮೇಷ್ಟ್ರು ಕೊನೆಯ ಮಾತನ್ನು ಸ್ವಲ್ಪ ಮೃದು ಮಾಡಿ ಹೇಳಿದ.

ಸರ್ಕಾರಿ ವಕೀಲ ಎದ್ದ. “ಅಮ್ಮಾ, ನೀವು ಎಷ್ಟೋ ಮಕ್ಕಳನ್ನ ಹೊರತಂದಿದ್ದೀರಿ. ನಲವತ್ತಾರು ವರ್ಷದ ಹಿಂದಿನ ಒಂದು ಮಗು ನಿಮಗೆ ಹೇಗೆ ನೆನಪಿರುತ್ತೆ?”

“ಅಳಲಿಲ್ಲ. ಅದಕ್ಕೆ ನೆನಪಿದೆ.”

ಸೆರಾಫೀನಾ ಕೀರ್ತನೆ ಪುಸ್ತಕವನ್ನು ಮಡಿಲಲ್ಲಿ ಸರಿಮಾಡಿಕೊಂಡಳು.

“ಫೆಬ್ರವರಿ. ನಾನು ಕೆರೆಯ ಮಂಜುಗಡ್ಡೆ ಮೇಲೆ ಸ್ಕೀ ಹಾಕ್ಕೊಂಡು ಬಂದೆ. ಹೆರ್ಮನ್ನಿ ಬಿಡಾರದಲ್ಲಿದ್ದ. ಮಗು ಬಂತು, ನೀಲಿ ಬಣ್ಣ. ಬೆನ್ನು ತಟ್ಟಿದೆ, ಹಿಮದಲ್ಲಿ ಉಜ್ಜಿದೆ, ಬೆಚ್ಚಗೆ ಸುತ್ತಿದೆ. ಉಸಿರಿಲ್ಲ. ಹಾಗೇ ಹೋಗಿಬಿಟ್ರೆ ಏನು ಗತಿ? ಪಾದ್ರಿ ಇಲ್ಲದ ಕಡೆ, ಸಾಯೋ ಮಗುವಿಗೆ ಯಾವ ಕ್ರೈಸ್ತನಾದ್ರೂ ದೀಕ್ಷಾಸ್ನಾನ ಕೊಡಬಹುದು. ನಮ್ಮಲ್ಲಿ ಸೂಲಗಿತ್ತಿಯರಿಗೆಲ್ಲ ಅದು ಗೊತ್ತು. ಸೌನಾದ ಸೌಟಲ್ಲಿ ನೀರು ತಗೊಂಡೆ, ತಂದೆಯ ಹೆಸರಲ್ಲಿ ಒಂದು ಸಲ ಹಾಕಿದೆ, ಮಗನ ಹೆಸರಲ್ಲಿ ಒಂದು ಸಲ ಹಾಕಿದೆ, ಪವಿತ್ರಾತ್ಮದ ಹೆಸರಲ್ಲಿ ಹಾಕೋವಾಗ ಕಿರುಚಿದಳು. ಆವತ್ತು ತೆಗೆದ ಬಾಯಿ ಇವತ್ತಿನವರೆಗೂ ಮುಚ್ಚಿಲ್ಲ.”

ಹಿಂದಿನ ಬೆಂಚಿನಲ್ಲಿ ಯಲ್ಮಾರಿ ಕೆಮ್ಮಿದ ಹಾಗೆ ಮಾಡಿದ. ದುಭಾಷಿ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಾಗ ಅಧಿಕಾರಿಯೂ ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದ.

ಸೈಮಿ ನಗಲಿಲ್ಲ. ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತಿದ್ದಳು. ತನಗೆ ಉಸಿರೇ ಇರಲಿಲ್ಲವೆಂದು ಅಮ್ಮ ಒಂದು ದಿನವೂ ಹೇಳಿರಲಿಲ್ಲ.

“ಹೆಸರೂ ಇಟ್ರಾ?” ಎಂದ ಅಧಿಕಾರಿ.

“ಮರಿಯಾ. ಸೈಮಿ ಅನ್ನೋದು ಆಮೇಲೆ ಅವರಪ್ಪ ಇಟ್ಟಿದ್ದು.”

“ಇದನ್ನ ಇಷ್ಟು ವರ್ಷ ಯಾಕೆ ಯಾರಿಗೂ ಹೇಳಲಿಲ್ಲ?” ಸರ್ಕಾರಿ ವಕೀಲ ಬಿಡಲಿಲ್ಲ. “ನಿಮ್ಮ ಪಾದ್ರಿಗೂ ಹೇಳಲಿಲ್ಲವೇ?”

“ಅವಳ ತಾಯಿ ನನ್ನ ಕೈ ಹಿಡ್ಕೊಂಡು ಕೇಳಿದಳು. ಗಂಡನಿಗೆ ಗೊತ್ತಾದ್ರೆ ಮನೆ ಎರಡಾಗುತ್ತೆ, ಹೇಳಬೇಡಿ ಅಂತ. ಮಾತು ಕೊಟ್ಟೆ. ಹೆರ್ಮನ್ನಿ ಪಾದ್ರಿ ಮುಂದೆ ದೀಕ್ಷಾಸ್ನಾನ ಆಗಿದೆ ಅಂದ ಅಂತ ಕೇಳಿದಾಗ ಆಗಿರೋದು ನಿಜ ತಾನೇ ಅಂತ ಸುಮ್ಮನಾದೆ. ಆ ಮನುಷ್ಯ ಎರಡು ಸುಳ್ಳು ಹೇಳಿದ, ಅದರಲ್ಲಿ ಒಂದು ಅವನಿಗೇ ಗೊತ್ತಿಲ್ಲದೆ ನಿಜ ಆಗಿತ್ತು. ಈಗ ಎರಡಾಗೋಕೆ ಆ ಮನೇನೇ ಇಲ್ಲ. ಮೊನ್ನೆ ಭಾನುವಾರ ಚರ್ಚಿನ ಸಭೆಯೆದುರು ಎದ್ದು ನಿಂತು ಎಲ್ಲಾ ಹೇಳಿದ್ದೀನಿ. ದೇವರಿಗೆ ಮೊದಲೇ ಗೊತ್ತಿತ್ತು. ಈಗ ಸರ್ಕಾರಕ್ಕೂ ಗೊತ್ತಾಯ್ತು.”

“ನೀವು ಈಕೆಯ ಗೆಳತಿ. ಉಳಿಸೋದಕ್ಕೆ ಹೇಳ್ತಾ ಇರಬಹುದಲ್ಲವೇ?”

ಗೆಳತಿ ಎಂಬ ಮಾತು ದುಭಾಷಿಯ ಬಾಯಿಂದ ಬಂದೊಡನೆ ಸೆರಾಫೀನಾ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು.

“ಗೆಳತೀನಾ? ಹದಿನಾಲ್ಕು ವರ್ಷದಿಂದ ಇವಳಿಗೆ ನಾನು ನಮಸ್ಕಾರ ಹೇಳಿಲ್ಲ. ಇವಳ ಪೇಪರು ನಮ್ಮ ಮನೇಲಿ ಒಲೆಗೆ ಹೋಗುತ್ತೆ, ಅದೂ ಪಕ್ಕದ ಮನೆಯವರು ಕೊಟ್ರೆ. ಇವಳನ್ನ ಎಲ್ಲಿಗಾದ್ರೂ ಕಳಿಸಿ ಅಂದ್ರೆ ನನಗೂ ಒಂದೆರಡು ಜಾಗ ಗೊತ್ತು. ಆದ್ರೆ ಎಲ್ಲಿಂದ ಬಂದೇ ಇಲ್ವೋ ಅಲ್ಲಿಗೆ ವಾಪಸ್ ಕಳಿಸ್ತೀನಿ ಅಂದ್ರೆ ಹೆಂಗೆ ಸ್ವಾಮಿ? ನನ್ನ ಕೈಯಲ್ಲಿ ಹುಟ್ಟಿದ್ದು. ನನ್ನ ಕೈಯೇನು ವಾಸಾದಲ್ಲಿತ್ತಾ?”

ಸರ್ಕಾರಿ ವಕೀಲ ಇನ್ನೊಂದು ಪ್ರಶ್ನೆಗೆ ಬಾಯಿ ತೆರೆದವನು, ಏನನ್ನಿಸಿತೋ, ಕುಳಿತುಬಿಟ್ಟ.

ಊಟದ ನಂತರ ಅಧಿಕಾರಿ ತೀರ್ಪನ್ನು ಅಲ್ಲೇ ಓದಿದ. ಈ ಹೆಂಗಸು ಹೊರದೇಶದಲ್ಲಿ ಹುಟ್ಟಿದವಳೆಂದು ಸರ್ಕಾರ ತೋರಿಸಿಕೊಟ್ಟಿಲ್ಲ. ಸಾಕ್ಷಿಯ ಮಾತು ನಂಬತಕ್ಕದ್ದು, ಆಕೆಗೆ ಪ್ರತಿವಾದಿಯ ಮೇಲೆ ಪ್ರೀತಿಯಿದೆ ಎಂದು ಯಾರೂ ಹೇಳಲಾರರು. ಪ್ರಕರಣ ಮುಕ್ತಾಯ.

ಕ್ಲೋಪರ್ ಸೈಮಿಯ ಕೈ ಕುಲುಕಿ, ಗಡಿಯಾರ ನೋಡಿಕೊಂಡು, ಮುಂದಿನ ಮೊಕದ್ದಮೆಗೆ ರೈಲು ಹಿಡಿಯಲು ಓಡಿದ. ಸೈಮಿಗೆ ಕೂಡಲೇ ಏಳಲಾಗಲಿಲ್ಲ. ಕಿಟಕಿಯಾಚೆ ದೊಡ್ಡ ಸರೋವರದ ಮಂಜುಗಡ್ಡೆ ಒಡೆದು, ತುಂಡುಗಳು ಬಂದರಿನ ಬಾಯಿಗೆ ತೇಲಿಹೋಗುತ್ತಿದ್ದವು. ಚಳಿಗಾಲ ಮುಗಿದದ್ದನ್ನು ಅವಳು ಈಗಷ್ಟೇ ನೋಡುತ್ತಿದ್ದಳು.

“ಏಳಮ್ಮಾ ಮರಿಯಾ,” ಎಂದ ಯಲ್ಮಾರಿ. “ಕಾಮ್ರೇಡ್ ಮರಿಯಾ! ಪಾರ್ಟಿಗೆ ಏನಂತ ಹೇಳೋಣ? ನಮ್ಮ ಅತಿ ಕೆಂಪಿನ ವರದಿಗಾರ್ತಿ ಹುಟ್ಟಿದ ಗಳಿಗೆಯಿಂದ ಚರ್ಚಿನವಳು ಅಂತಲಾ?”

“ಸುಮ್ನಿರು, ಯಲ್ಮಾರಿ.”

“ನಾಳೆ ಮೊದಲ ಪುಟಕ್ಕೆ ಹಾಕ್ತೀನಿ.”

“ಹಾಕು,” ಎಂದಳು ಸೈಮಿ. ಈಗ ನಗು ಬಂತು. ಬಂದದ್ದು ನಿಲ್ಲಲಿಲ್ಲ. ಬಾಗಿಲ ಕಾವಲಿನವನು ತಿರುಗಿ ನೋಡುವಷ್ಟು ನಕ್ಕಳು, ಕಣ್ಣು ಒರೆಸಿಕೊಂಡಳು, ಮತ್ತೆ ನಕ್ಕಳು.

ಸೆರಾಫೀನಾ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಬಸ್ಸು ಸಂಜೆಗೆ. ಯಲ್ಮಾರಿ ಪತ್ರಿಕೆಯ ಹಳೆಯ ಕಾರಿನ ಬಾಗಿಲು ತೆರೆದ. ಕೆಂಪಿನವರ ಕಾರಿನಲ್ಲಿ ಕೂರುವುದೋ ಬೇಡವೋ ಎಂದು ಮುದುಕಿ ತುಸು ಹೊತ್ತು ಯೋಚಿಸಿದಳು. ಆಮೇಲೆ ಹಿಂದಿನ ಸೀಟಿನ ಮೇಲಿದ್ದ ವಸಾರಾದ ಕಟ್ಟುಗಳನ್ನು ಕೆಳಗೆ ತಳ್ಳಿ, ಅವುಗಳ ಮೇಲೆ ಕಾಲಿಟ್ಟು ಕುಳಿತಳು.

ಕಾರು ಊರು ದಾಟಿತು.

“ಬರೀತೀಯಾ ಇದನ್ನ?” ಎಂದಳು ಸೆರಾಫೀನಾ.

“ಬರೀತೀನಿ.”

“ನನ್ನ ಹೆಸರು?”

“ಹೆಸರಿಲ್ಲದೆ ಹೆಂಗೆ ಬರೀಲಿ, ದೊಡ್ಡಮ್ಮಾ?”

“ಹಾಗಾದ್ರೆ ವಯಸ್ಸು ಬೇಡ.”

ಸೈಮಿ ಕೃತಜ್ಞತೆಯ ಮಾತೊಂದನ್ನು ಹೇಳಲು ಹೊರಟು, ಅದು ಹೇಗೆ ಹೇಳಿದರೂ ಸಣ್ಣದಾಗುತ್ತದೆಂದು ಬಿಟ್ಟಳು. ದಾರಿಯ ಎರಡೂ ಕಡೆ ಹೊಲಗಳಲ್ಲಿ ಹಿಮ ಕರಗಿ ಕಪ್ಪು ಮಣ್ಣು ಕಾಣುತ್ತಿತ್ತು. ಅವಳು ಯಲ್ಮಾರಿಯ ತೋಳು ಮುಟ್ಟಿ, ದಾರಿಯಲ್ಲಿ ಕೆಂಪಿನವರ ಕೋಆಪರೇಟಿವ್ ಅಂಗಡಿಯ ಬಳಿ ನಿಲ್ಲಿಸು ಎಂದಳು. ಬೀಜದ ಆಲೂಗಡ್ಡೆ ಬೇಕಿತ್ತು. ಬಾಡಿಗೆ ಮನೆಯ ಹಿಂದೆ ಅವಳದೊಂದು ತುಂಡು ನೆಲವಿದೆ. ನೋಟಿಸು ಬಂದಾಗಿನಿಂದ, ಈ ವರ್ಷ ಅದಕ್ಕೇನು ಹಾಕುವುದೆಂದು ಅವಳು ಯೋಚಿಸಿಯೇ ಇರಲಿಲ್ಲ. ಅಗೆಯುವ ಹೊತ್ತಿಗೆ ತಾನೇ ಇರುತ್ತೇನೋ ಇಲ್ಲವೋ.

“ಕೋಆಪರೇಟಿವ್‌ನಲ್ಲಾ?” ಹಿಂದಿನಿಂದ ಸೆರಾಫೀನಾ ಅಂದಳು. “ನಿಮ್ಮೋರು ಲೆಕ್ಚರ್ ಮಾಡೋದ್ರಲ್ಲಿ ಗಟ್ಟಿಗರು, ಆಲೂಗಡ್ಡೆ ಇಡೋದ್ರಲ್ಲಲ್ಲ. ಅರ್ಧ ಕೊಳೆತಿರುತ್ತೆ. ನನ್ನ ನೆಲಮಾಳಿಗೇಲಿದೆ, ತಗೊಂಡು ಹೋಗು.”

ಕಿವಿಲಂಪಿಯಲ್ಲಿ ಸೆರಾಫೀನಾ ಕೋಟು ಬಿಚ್ಚದೆಯೇ ನೆಲಮಾಳಿಗೆಗೆ ಇಳಿದಳು. ಸೈಮಿ ಹಿಂದೆಯೇ ಇಳಿದಳು. ಮುದುಕಿ ಒಂದೊಂದೇ ಗೆಡ್ಡೆಯನ್ನು ಬೆಳಕಿಗೆ ಹಿಡಿದು ನೋಡಿ ಚೀಲಕ್ಕೆ ಹಾಕಿದಳು. ಚೀಲ ತುಂಬಿದ ಮೇಲೆ ಬಾಯಿ ಕಟ್ಟಿ ಮುಂದಕ್ಕೆ ತಳ್ಳಿದಳು.

“ಇದನ್ನ ಸ್ನೇಹ ಅಂತ ತಿಳ್ಕೋಬೇಡ.”

“ಇಲ್ಲ.”

“ಆಲೂಗಡ್ಡೆ, ಅಷ್ಟೇ.”

“ಗೊತ್ತು, ದೊಡ್ಡಮ್ಮಾ.”

“ಮೊಳಕೆ ಮುರೀದ ಹಾಗೆ ಎತ್ತು. ಮಣ್ಣು ಬೆಚ್ಚಗಾಗೋವರೆಗೆ ಹಾಕಬೇಡ. ಅವಸರ ಏನಿದೆ ಈಗ, ಎಲ್ಲಿಗೆ ಹೋಗಬೇಕಾಗಿದೆ ನಿನಗೆ?”

ಎಲ್ಲಿಗೂ ಇಲ್ಲ ಎಂದಳು ಸೈಮಿ. ಚೀಲವನ್ನು ಮಗುವಿನಂತೆ ಎರಡು ತೋಳಿನಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.